ನೂರಕ್ಕೆ ಎಷ್ಟು

ಆಲ್ಬೋರ್ಗ್, ನವೆಂಬರಿನ ಕೊನೆ. ನಾಲ್ಕಕ್ಕೇ ಕತ್ತಲೆ.
ಈ ಕೋಣೆಗೆ ಕಿಟಕಿಯೇನೋ ಇದೆ,
ಕಾಣುವುದು ಆಂಬುಲೆನ್ಸ್ ತೊಳೆಯುವ ಜಾಗ ಮಾತ್ರ.
ಪಟ್ಟಿಯಲ್ಲಿ ಇವತ್ತು ನಾಲ್ಕು ಹೆಸರು.
ಹೆಸರಲ್ಲ, ನಂಬರು.
ಹೆಸರುಗಳಿರುವುದು ಬೇರೆ ಕಪಾಟಿನಲ್ಲಿ,
ಬೀಗದ ಕೈ ನನ್ನ ಕೊರಳಲ್ಲಿ.

ಫೋನು ಮಾಡುವ ಮೊದಲು
ದೇಶದ ದಾಖಲೆಯಲ್ಲಿ ನೋಡಿಕೊಳ್ಳಬೇಕು:
ಬದುಕಿದ್ದಾರೆಯೇ?
ಒಮ್ಮೆ ಮರೆತಿದ್ದೆ.
"ಇಂಗೋಲ್ಫ್ ಇದ್ದಾರಾ?" ಎಂದಿದ್ದೆ.
ಆ ಕಡೆಯ ಹೆಂಗಸು ಬಹಳ ಹೊತ್ತು ಸುಮ್ಮನಿದ್ದು
"ಅದನ್ನು ನೀವೇ ಹೇಳಬೇಕು" ಎಂದಿದ್ದಳು.
ಆಮೇಲೆ ಮರೆತಿಲ್ಲ.

೨೧೭. ಬದುಕಿದ್ದಾರೆ.
ಸ್ಕಾಗೆನ್ ಬಂದರಿನಲ್ಲಿ ದೋಣಿಗಳಿಗೆ ಬಣ್ಣ ಬಳಿಯುವವರು, ಅರವತ್ತೊಂದು.
ನ್ಯುಮೋನಿಯಾ, ರಕ್ತಕ್ಕೆ ನಂಜು,
ಹತ್ತೊಂಬತ್ತು ದಿನ ಗಂಟಲಲ್ಲಿ ಕೊಳವೆ.
ತೊಂಬತ್ತು ದಿನಗಳಲ್ಲಿ ಮನೆಯಲ್ಲಿ ಕಳೆದದ್ದು ನಲವತ್ತೊಂದು.
ನಮ್ಮ ಲೆಕ್ಕಕ್ಕೆ ಬರುವ ಬೆಳೆ ಅಷ್ಟೇ.

ಆರನೆಯ ದಿನ ಭ್ರಮೆ ಹತ್ತಿದಾಗ
ಕಂಪ್ಯೂಟರು ಚೀಟಿ ಎತ್ತಿತು:
ಔಷಧವೋ, ಬರೀ ಉಪ್ಪುನೀರೋ.
ಒಂದೇ ಗಾತ್ರದ ಸೀಸೆ, ಎರಡೂ ತಿಳಿ.
ಚುಚ್ಚಿದವಳು ನಾನು. ಯಾವುದೆಂದು ನನಗೆ ಗೊತ್ತಿಲ್ಲ,
ಡಾಕ್ಟರಿಗೂ ಗೊತ್ತಿಲ್ಲ,
ಸಾವಿರ ಜನ ಮುಗಿಯುವ ತನಕ
ಯಾರಿಗೂ ಗೊತ್ತಾಗಕೂಡದು.
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು
ಎನ್ನುತ್ತಿದ್ದಳು ಅಜ್ಜಿ, ಚರ್ಚಿನ ಡಬ್ಬಿಗೆ ಕಾಸು ಹಾಕುತ್ತ.
ನಾನು ಎರಡೂ ಕೈಗೆ ತಿಳಿಯದಂತೆ ಕೊಡುತ್ತೇನೆ.

ಪ್ರಶ್ನೆ ಓದುತ್ತೇನೆ. ದನಿ ಏರಿಳಿಯಬಾರದು.
ನಡೆಯುತ್ತೀರಾ?
"ಅಂಚೆಡಬ್ಬಿಯವರೆಗೆ. ಬರುವಾಗ ಬೇಲಿ ಹಿಡಿದು."
ಸ್ನಾನ?
"ಯೂಟೆ ಬೆನ್ನು ಉಜ್ಜುತ್ತಾಳೆ. ಮೊದಲೂ ಉಜ್ಜುತ್ತಿದ್ದಳು.
ಅದನ್ನು ಹೇಗೆ ಬರಕೊಳ್ತೀರಿ?"
ಕೆಲಸ?
"ಏಣಿ ಕಂಡರೆ ಮೊಣಕಾಲು ನಗುತ್ತದೆ."
ವಾರದ ದಿನಗಳನ್ನು ಹಿಂದಿನಿಂದ ಹೇಳಿ.
"ಭಾನುವಾರ. ಶನಿವಾರ. ಶುಕ್ರವಾರ. ಗುರುವಾರ."

ಅಲ್ಲಿಗೆ ನಿಂತರು.
ಅವರ ಮನೆಯ ರೇಡಿಯೋ ಹವಾಮಾನ ಹೇಳುತ್ತಿತ್ತು,
ನೈರುತ್ಯದಿಂದ ಬಿರುಗಾಳಿ.
ಒಂಬತ್ತು ಸೆಕೆಂಡು. ನಾನು ಹೇಳಿಕೊಡುವಂತಿಲ್ಲ.
"ಬುಧವಾರಗಳೆಲ್ಲ ನಿಮ್ಮಲ್ಲೇ ಉಳಿದುಬಿಟ್ಟಿವೆ, ನೋಡಿ."

ಕೊನೆಯದು.
ನಿಮ್ಮ ಆರೋಗ್ಯಕ್ಕೆ ನೂರಕ್ಕೆ ಎಷ್ಟು ಕೊಡುತ್ತೀರಿ?
"ಯಾವ ಹೊತ್ತಿನದಕ್ಕೆ?"
ಇವತ್ತಿನದು ಅಂದುಕೊಳ್ಳಿ.
"ಕಾಫಿಗೆ ಮುಂಚೆ ಮೂವತ್ತು.
ಗಾಳಿಯಲ್ಲಿ ಬಣ್ಣದ ವಾಸನೆ ಬಂದರೆ ಅರವತ್ತು.
ರಾತ್ರಿ ಮೂರಕ್ಕೆ ಆ ಹೆಂಗಸು ಬಂದಾಗ..."

ಯಾವ ಹೆಂಗಸು?
(ಈ ಪ್ರಶ್ನೆ ನಮೂನೆಯಲ್ಲಿಲ್ಲ.)

"ನಿಮ್ಮ ವಾರ್ಡಿನವಳೇ.
ಚಾವಣಿಯಲ್ಲಿ ಕೂತು ಬಲೆ ಹೆಣೆಯುತ್ತಿದ್ದಳು,
ನೂಲನ್ನು ನನ್ನ ಗಂಟಲಿನಿಂದ ಎಳೆದೆಳೆದು.
ಕೆಟ್ಟವಳಲ್ಲ. ಏನೋ ಗುನುಗುತ್ತಿದ್ದಳು."

ಪೆನ್ನು ನಿಂತಿತು.
ಗುನುಗುವ ಚಾಳಿ ನನ್ನದು.
ಕೊಳವೆಯಿಂದ ಕಫ ಎಳೆಯುವಾಗ
ನನಗೇ ತಿಳಿಯದೆ ಶುರುವಾಗುತ್ತದೆ,
ಬೈಸಿಕೊಂಡದ್ದೂ ಇದೆ.
ನಾನು ಕೊಟ್ಟದ್ದು ಉಪ್ಪುನೀರೋ, ಔಷಧವೋ,
ಮುಂದಿನ ವರ್ಷ ಯಾರಾದರೂ ಲಕೋಟೆ ಒಡೆದು ಹೇಳುತ್ತಾರೆ.
ಇದನ್ನೂ ಕೊಟ್ಟಿದ್ದೆನೆಂದು
ಯಾವ ಲಕೋಟೆಯಲ್ಲೂ ಇಲ್ಲ.

"ಎಷ್ಟೆಂದು ಬರೆಯಲಿ?" ಕೇಳಿದೆ.
"ಆಕೆ ಈಗ ಎಲ್ಲಿದ್ದಾಳೆ?" ಕೇಳಿದರು.

ಕೆಳಗೆ ತೊಳೆದ ನೀರು
ದೀಪದ ಬುಡದಲ್ಲಿ ಹೆಪ್ಪುಗಟ್ಟುತ್ತಿತ್ತು,
ಹುಡುಗನೊಬ್ಬ ಬೂಟಿನಿಂದ ಉಪ್ಪು ಹರಡುತ್ತಿದ್ದ.

"ಇಲ್ಲೇ," ಎಂದೆ. "ಇವತ್ತು ಡ್ಯೂಟಿಯ ಮೇಲಿದ್ದಾಳೆ."

ರೇಡಿಯೋ ಆರಿಸಿದ ಸದ್ದು.
ಉಸಿರು ಕೇಳುತ್ತಿತ್ತು, ತನ್ನಷ್ಟಕ್ಕೇ, ಯಂತ್ರವಿಲ್ಲದೆ.
ಅಭ್ಯಾಸಬಲ, ಎಣಿಸಿದೆ.
ನಿಮಿಷಕ್ಕೆ ಹದಿನೆಂಟು.

"ಹಾಗಾದರೆ ಐವತ್ತೈದು ಬರಕೊಳ್ಳಿ.
ಮತ್ತೆ, ಆಕೆಗೆ ಹೇಳಿ,
ಶ್ರುತಿ ಸ್ವಲ್ಪ ತಪ್ಪುತ್ತದೆ."

೫೫ ಎಂದು ಬರೆದೆ.
ಮುಂದಿನದು ೨೨೦.
ಮೊದಲು ದಾಖಲೆ ನೋಡಬೇಕು.