ಎರಡು ಗೆಣ್ಣು

ಬೇರು ಬೇಡ ಝೊಹರಾ, ಎರಡು ಗೆಣ್ಣು ಸಾಕು.
ಒಂದು ಗೇಣು ಬಸಳೆ ದಂಟು, ಬಲಿತದ್ದು,
ಉಗುರು ಊರಿದರೆ ಸುಲಭಕ್ಕೆ ಇಳಿಯಬಾರದು.
ಎಲೆ ಚಿವುಟಿ ಸಾರಿಗೆ ಹಾಕು,
ಬೋಳು ದಂಟನ್ನು ಓರೆಯಾಗಿ ಮಲಗಿಸು,
ಒಂದು ಗೆಣ್ಣು ಮಣ್ಣೊಳಗೆ, ಒಂದು ಹೊರಗೆ.
ತಲೆಕೆಳಗೆ ನೆಟ್ಟವಳು ನಾನೇ, ಮೊದಲ ಸಲ.
ಅದು ಹೇಗೋ ತಿರುಗಿಕೊಂಡು ಬಂತು.
ನಿನ್ನದು ಬಾರದೆಯೂ ಇರಬಹುದು.

ಚಟ್ಟಿಯ ಬುಡಕ್ಕೆ ಹಂಚಿನ ಚೂರು.
ಬೋಳಾರದಲ್ಲಿ ಅದಕ್ಕೇನು ಬರವೆ?
ಹದಿನೇಳು ವರ್ಷ ಕಾರ್ಖಾನೆಯಲ್ಲಿ
ಹಸಿ ಹಂಚು ಹೊತ್ತ ತಲೆ ಇದು,
ಒಡೆದದ್ದಕ್ಕೆಲ್ಲ ಸಂಬಳದಲ್ಲಿ ಹಿಡಿಯುತ್ತಿದ್ದರು.
ಈಗ ಬೇಕೆಂದೇ ಒಡೆಯುತ್ತೇನೆ, ಸಣ್ಣಗೆ, ಖುಷಿಯಲ್ಲಿ.
ನೀರು ನಿಲ್ಲಬಾರದು ಮಾರಾಯ್ತಿ, ಅಷ್ಟೇ.

ನಮ್ಮ ಕೆಂಪು ಮಣ್ಣಿಗೆ ಹುಳಿ ಜಾಸ್ತಿ.
ಮರುವಾಯಿ ತಿಂದ ದಿನ ಚಿಪ್ಪು ಬಿಸಾಡಬೇಡ,
ಒಣಗಿಸಿ ಗುದ್ದಿ ಒಂದು ಹಿಡಿ ಬೆರೆಸು.
ಹಸಿ ಸೆಗಣಿ ಬೇಡ, ಬೇರು ಸುಡುತ್ತದೆ.
ಸೆವ್ರಿನ್ ಬಾಯಿ ಜೆಪ್ಪುವಿನಿಂದ ತರುವುದು ಒಣಗಿದ್ದು,
ಬಿಸ್ಕತ್ತಿನ ಹಾಗೆ ಮುರಿಯುತ್ತದೆ,
ಮೂಗಿಗೆ ಹಿಡಿದರೂ ವಾಸನೆ ಇಲ್ಲ.

ಬೂತಾಯಿ ತೊಳೆದ ನೀರು ಕೊಡು,
ಮೊದಲನೇ ನೀರು ಮಾತ್ರ, ಉಪ್ಪು ಹಾಕಿ ತಿಕ್ಕಿದ್ದಲ್ಲ.
ಮೇಲೆ ಒಂದು ಮುಷ್ಟಿ ಮಣ್ಣು ಮುಚ್ಚು,
ಇಲ್ಲದಿದ್ದರೆ ಓಣಿಯ ಬೆಕ್ಕುಗಳೆಲ್ಲ
ಬಗೆದು ಬಗೆದು ಲೆಕ್ಕ ಕೇಳುತ್ತವೆ.
ಎದುರು ಮನೆಯ ಉಪಾಧ್ಯಾಯರು ಮೂಗು ಮುಚ್ಚಿಕೊಳ್ಳುತ್ತಾರೆ.
ಒಂದು ಕಟ್ಟು ಸೊಪ್ಪು ಕೊಡು.
ಯಾವ ನೀರು ಕುಡಿದದ್ದೆಂದು ಅವರು ಕೇಳುವುದಿಲ್ಲ,
ನಾವೂ ಹೇಳುವುದು ಬೇಡ.

ನಳ್ಳಿ ಎರಡು ದಿನಕ್ಕೊಮ್ಮೆ ಬರುವ ಮೇ ತಿಂಗಳಲ್ಲಿ
ಅಕ್ಕಿ ತೊಳೆದದ್ದು ಸಾಕು, ಬುಡಕ್ಕೆ ತೆಂಗಿನ ಸಿಪ್ಪೆ.
ಸಂಜೆ ಎಲೆ ತೋಯಿಸಬೇಡ.
ಕೆಂಪು ಚುಕ್ಕಿ ಬಿದ್ದ ಎಲೆಗೆ ಕರುಣೆ ಬೇಡ,
ಕಿತ್ತು ದೂರ ಎಸೆ.

ಇಷ್ಟೂ ಹೇಳಿದ್ದು ಹೋದ ಸುಗ್ಗಿಯಲ್ಲಿ.

ಆಟಿಯಲ್ಲಿ ನನಗೆ ಮೊಣಕಾಲಿನ ಆಪರೇಷನ್.
ಹನ್ನೊಂದು ದಿನ ಬಿಟ್ಟು ಬಂದು ನೋಡಿದರೆ
ಚಟ್ಟಿಯ ತೂತಿಗೆ ಎಲೆ ಸಿಕ್ಕಿ
ನೀರು ಅಂಚಿನವರೆಗೆ ನಿಂತಿದೆ,
ದಂಟು ಮುಟ್ಟಿದರೆ ಲೋಳೆ.
ನೀರು ನಿಲ್ಲಬಾರದು ಎಂದವಳ ಚಟ್ಟಿಯಲ್ಲಿ!

ಕೋಲು ಊರಿಕೊಂಡು ಕೆಳಗಿಳಿದೆ.
ಝೊಹರಾಳ ಕಿಟಕಿ ಸರಳು ಕಾಣುವುದೇ ಇಲ್ಲ,
ಬಟ್ಟೆ ಹಗ್ಗವನ್ನೂ ಬಸಳೆ ಹಿಡಿದುಕೊಂಡಿದೆ,
ಅವಳ ಮಗನ ಬೆರಳೆಲ್ಲ ಹಣ್ಣಿನ ನೇರಳೆ.
ಬೇರು ಇಳಿದದ್ದು ಧಕ್ಕೆಯಿಂದ ಗಂಡ ತಂದ
ಥರ್ಮಾಕೋಲಿನ ಮೀನು ಪೆಟ್ಟಿಗೆಯಲ್ಲಿ.
ಕೊಡೆಯ ಕಡ್ಡಿ ಕಾಯಿಸಿ ತೂತು ಹೊಡೆದಿದ್ದಾಳೆ.

"ಹಂಚಿನ ಚೂರು ಹಾಕಲೇ ಇಲ್ಲ ಅಕ್ಕ,
ಮರೆತೇಹೋಯಿತು" ಎಂದಳು, ಕತ್ತಿ ತರುತ್ತಾ.

ನಾನು ಏನೂ ಹೇಳಲಿಲ್ಲ.
ಮೆಟ್ಟಿಲಲ್ಲಿ ನಿಂತು ಗೆಣ್ಣು ಎಣಿಸಿದೆ,
ಮೂರು ಇಟ್ಟು ಕೊಯ್ದಿದ್ದಳು.