ಐದನೆಯ ನಟ್ಟು

ಮಾಜಾಳಿಯ ಗಾಳಿಮರದಡಿ ಇಪ್ಪತ್ತು ಮಳೆಗಾಲ
ನಿಂತೇ ಇತ್ತು ಮೆಟಾಡೋರು.
ಉಪ್ಪುಗಾಳಿ ಬಾಗಿಲು ತಿಂದಿದೆ, ಮಡ್‌ಗಾರ್ಡ್ ತಿಂದಿದೆ,
ನಂಬರಿನಲ್ಲಿ ಉಳಿದದ್ದನ್ನೆಲ್ಲ ತಿಂದು ಏಳು ಮಾತ್ರ ಬಿಟ್ಟಿದೆ.

'ಬೇಕಾದ್ದು ಬಿಚ್ಚಿಕೊಂಡು ಹೋಗು' ಅಂದಳು ಚಂದ್ರಾವತಿಬಾಯಿ,
'ಪಾಟಾದ ಒಂದು ಎಲೆ ನನಗಿರಲಿ, ಕೊಯ್ತ ಮಾಡಿಸಬೇಕು.
ಡ್ರೈವರ್ ಸೀಟು ಮುಟ್ಟಬೇಡ. ಹೇಂಟೆ ಕಾವಿಗೆ ಕೂತಿದೆ.
ಇನ್ನೂ ಒಂಬತ್ತು ದಿನ.'

ಬಾಗಿ ನೋಡಿದೆ. ಹೇಂಟೆಯೂ ನೋಡಿತು,
ವಿಠೋಬ ತಾಂಡೇಲ ನೋಡುತ್ತಿದ್ದ ಹಾಗೇ, ಒಂದೇ ಕಣ್ಣಲ್ಲಿ.

ಮೊದಲು ಡೈನಮೋ. ತಿರುಗಿಸಿದರೆ ಮರಳು.
ರೇಡಿಯೇಟರಿನಲ್ಲಿ ಇರುವೆಗಳ ಸಂಸಾರ.
ವೈರಿನ ತಾಮ್ರ ಹಸಿರಾಗಿ, ಮುಟ್ಟಿದರೆ ಪುಡಿ.
ಆದರೆ ಗೇರುಪೆಟ್ಟಿಗೆ ತೆರೆದರೆ
ಕಪ್ಪೆಣ್ಣೆಯಲ್ಲಿ ಮುಳುಗಿದ ಹಲ್ಲೆಲ್ಲ
ಇವತ್ತು ಬೆಳಿಗ್ಗೆ ಉಜ್ಜಿಕೊಂಡ ಹಾಗೆ.
ಮೆಲ್ವಿನ್ 'ಅರೇ' ಅಂದ. ಅವನಿಗೆ ಹದಿನಾರು.

ನಮಗೆ ಮುಖ್ಯ ಬೇಕಾದ್ದು ಆಕ್ಸಲ್ಲು, ಎರಡು ಗಾಲಿ,
ಬೈತಖೋಲದಲ್ಲಿ ಐಸು ಸಾಗಿಸುವ ಗಾಡಿಗೆ.
ಟಯರು ಹೋಗಲಿ.
ಬಲದ ಐದು ನಟ್ಟು ಬಂದವು, ಗೊಣಗಿಕೊಂಡಾದರೂ.
ಎಡದ ನಾಲ್ಕು ಬಂದವು.
ಐದನೆಯದು ಬರಲಿಲ್ಲ.

ಸೀಮೆಎಣ್ಣೆ ಬಿಟ್ಟೆ. ಒಂದು ಬೀಡಿಯಷ್ಟು ಹೊತ್ತು ಕಾದೆ.
ಸುತ್ತಿಗೆಯಲ್ಲಿ ಬಡಿದು, ಪಾನಾಕ್ಕೆ ಪೈಪು ತೊಡಿಸಿ
ಇಬ್ಬರೂ ನೇತುಬಿದ್ದೆವು.
ಗಾಡಿಯೇ ಓಲಾಡಿತು, ಹೇಂಟೆ ಬೈಯಿತು,
ನಟ್ಟು ಅಲ್ಲಾಡಲಿಲ್ಲ.

'ಯಾವ ಬೇವರ್ಸಿ ಬಿಗಿದನೋ' ಅಂದ ಮೆಲ್ವಿನ್.

ಬಿಗಿದವ ನಾನು.
ಸದಾಶಿವಗಡದ ಇಳಿಜಾರಿನಲ್ಲಿ ಗಾಲಿ ಕಳಚಿ
ಬಂಗಡೆ ಬುಟ್ಟಿಗಳೆಲ್ಲ ರಸ್ತೆಗೆ ಚೆಲ್ಲಿದ ಬೆಳಿಗ್ಗೆ
ತಾಂಡೇಲ ನನ್ನ ಕೆನ್ನೆಗೆ ಕೊಟ್ಟಿದ್ದ ಒಂದು.
ಕ್ಲೀನರ್ ಹುಡುಗ, ಮೀಸೆ ಮೂಡಿರಲಿಲ್ಲ.
ಮೀನು ಆಯುತ್ತಿದ್ದ ಹೆಂಗಸರೆದುರು
ಕಣ್ಣು ಒರೆಸಿಕೊಳ್ಳದೆ, ಪಾನಾದ ಮೇಲೆ ಹತ್ತಿ ನಿಂತು
ಕುಣಿದು ಕುಣಿದು ಬಿಗಿದಿದ್ದೆ,
ಇನ್ನೆಂದೂ ಸಡಿಲಾಗಬಾರದು, ಯಾರಪ್ಪ ಬಂದರೂ.
ಅದೇ ಮಳೆಗಾಲ ತಾಂಡೇಲ ಹಾಸಿಗೆ ಹಿಡಿದ,
ಗಾಡಿ ಇಲ್ಲಿ ನಿಂತಿತು.

ಈಗ ನಾನೇ ಬಂದಿದ್ದೇನೆ.
ಬೀಡಿ ಸೇದಿದ ಎದೆ, ಸೊಂಟದಲ್ಲಿ ಪಟ್ಟಿ.
ಆ ಹುಡುಗನ ಕಾಲಿಗೆ ನನ್ನ ತೋಳು ಸಾಲುವುದಿಲ್ಲ.

ಗ್ಯಾಸ್ ಕಟರ್ ತಂದರೆ ಎರಡು ನಿಮಿಷದ ಕೆಲಸ.
ಮೆಲ್ವಿನ್ ಅದನ್ನೇ ಹೇಳಿದ, ಎರಡು ಸಲ.
ಒಂಬತ್ತು ದಿನ ಬಿಟ್ಟು ನೋಡುವಾ, ಅಂದೆ,
ಮೊಟ್ಟೆ ಹತ್ತಿರ ಬೆಂಕಿ ಬೇಡ.

ಪಾಟಾದ ಎಲೆ ಚಂದ್ರಾವತಿಬಾಯಿಯ ಜಗುಲಿಗೆ ಒರಗಿಸಿ
ಗೇರುಪೆಟ್ಟಿಗೆ ಹೊತ್ತು ನಡೆದೆವು.
ದಾರಿಯಲ್ಲಿ ಬೆವರು ಇಳಿಯಿತು, ಅಂಗೈಯಲ್ಲಿ ಕೆನ್ನೆ ಒರೆಸಿಕೊಂಡೆ.
ಮೆಲ್ವಿನ್ ನೋಡಿ ನಕ್ಕ:
'ಮಾಮಾ, ತುಕ್ಕು. ಬೆರಳು ಮೂಡಿದೆ.'