ಕುಳಿಯ ಅರ್ಧ

ಒಡೆದ ಕೂಡಲೇ ಸೀಮೆಎಣ್ಣೆಯ ವಾಸನೆ.
ತನ್ನೂಸ್ ಮಾವ ಕಲ್ಲನ್ನು ಮೊದಲು ಮೂಸುತ್ತಾನೆ,
ಆಮೇಲೆ ನೋಡುತ್ತಾನೆ.
ವಾಸನೆ ಬರದಿದ್ದರೆ ಅದು ಕೋಳಿಗೂಡಿನ ಗೋಡೆಗೆ;
ಬಂದರೆ, ಒಳಗೆ ಯಾರೋ ಇದ್ದಾರೆ.

ಜಬೈಲಿನ ಕಡಲು ಇಲ್ಲಿಂದ ಒಂದು ಗೆರೆಯಷ್ಟೇ,
ಬಲು ತಗ್ಗಿನಲ್ಲಿ, ಅಂಜೂರದ ಎಲೆಗಳಾಚೆ.
ಈ ಬೆಟ್ಟವೇ ಅದರ ತಳವಾಗಿತ್ತಂತೆ ಎಂದು
ಶಾಲೆಯಿಂದ ಓಡಿಬಂದು ನಾನು ಹೇಳಿದಾಗ
ಮಾವ ನಕ್ಕಿದ್ದ: ಗೊತ್ತು ಮಗಳೇ,
ನಮ್ಮಜ್ಜಿ ಅದನ್ನು ನೋಹನ ನೆರೆ ಅನ್ನುತ್ತಿದ್ದಳು.
ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿ.

ಇವತ್ತಿನದು ಗೇಣುದ್ದ.
ಹಲ್ಲಿನ ದೆಸೆಯಿಂದ ಮುಚ್ಚಲಾರದ ಬಾಯಿ.
ಹೊಟ್ಟೆಯಡಿ ಸಾಸಿವೆಯಂಥ ಚುಕ್ಕಿಗಳ ಸಾಲು;
ದೀಪಗಳಿದ್ದ ಜಾಗ, ಎಂದ, ಭೂತಗನ್ನಡಿ ಸರಿಸುತ್ತ.
ಬಿಸಿಲು ಇಳಿಯದ ಆಳದಲ್ಲಿ
ತನ್ನ ಬೆಳಕನ್ನು ತಾನೇ ಹೊತ್ತು ತಿರುಗಿದ್ದು.
ಸರಿಯಾಗಿ ಆಗಲೇ ಊರಿನ ಜನರೇಟರ್ ನಿಂತಿತು.
ಕೊಟ್ಟಿಗೆಯ ಕತ್ತಲಲ್ಲಿ ಮೂವರು:
ಮಾವ, ನಾನು, ಅದು.
ಅಭ್ಯಾಸ ಇದ್ದದ್ದು ಅದೊಂದಕ್ಕೇ.

ಮೀನಿನ ಹೆಜ್ಜೆ ಕಂಡವರಿಲ್ಲ ಎನ್ನುತ್ತಾರೆ.
ಹೆಜ್ಜೆಯ ಮಾತು ಬಿಡಿ,
ಇದರ ಕೊನೆಯ ಊಟ ಕೂಡ ಇಲ್ಲಿದೆ:
ಪಕ್ಕೆಲುಬುಗಳ ನಡುವೆ ಇನ್ನೊಂದು ಪುಟ್ಟ ಬೆನ್ನುಮೂಳೆ,
ತಲೆ ಹೊಟ್ಟೆಯಲ್ಲಿ, ಬಾಲ ಇನ್ನೂ ಗಂಟಲಲ್ಲಿ.
ಒಂಬತ್ತೂವರೆ ಕೋಟಿ ವರ್ಷ
ಅರಗಿಸಿಕೊಳ್ಳಲು ಸಾಲಲಿಲ್ಲ.

ಒಡೆದ ಕಲ್ಲಿಗೆ ಎರಡು ಪುಟ.
ಒಂದರಲ್ಲಿ ಮೂಳೆ,
ಇನ್ನೊಂದರಲ್ಲಿ ಮೂಳೆ ಇದ್ದ ಕುಳಿ.

ಸಂಜೆ ಬೈರೂತಿನಿಂದ ಕೊಳ್ಳುವವನು ಬಂದ.
ಕಾಫಿ ಬೇಡವೆಂದ, ನಿಂತೇ ಡಾಲರು ಎಣಿಸಿದ.
ಮಾವ ಮತ್ತೆ ಎಣಿಸಿದ, ಬೆರಳಿಗೆ ಉಗುಳು ಹಚ್ಚಿಕೊಂಡು.
ಕುಳಿಯ ಅರ್ಧ ಬೇಡವಂತೆ,
ಗಾಜಿನ ಕಪಾಟಿನಲ್ಲಿ ಎದ್ದು ಕಾಣುವುದಿಲ್ಲವಂತೆ.
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ;
ಸುಣ್ಣದ್ದು ನನ್ನ ಪಾಲಿಗೆ ಬಂತು.

ಕಿಟಕಿಗೆ ಒರಗಿಸಿಟ್ಟಿದ್ದೇನೆ.
ಬೆಳಗ್ಗೆ ಓರೆ ಬಿಸಿಲು ಬಿದ್ದಾಗ
ಕುಳಿಯೊಳಗೆ ನೆರಳು ತುಂಬಿ
ಇಲ್ಲದ ಮೀನು ಉಬ್ಬಿ ಮೇಲೆದ್ದು ಬರುತ್ತದೆ,
ಮುಳ್ಳು ಮುಳ್ಳಾಗಿ, ಹಲ್ಲು ಹಲ್ಲಾಗಿ.
ಹತ್ತೇ ನಿಮಿಷ. ಬಿಸಿಲು ಏರಿದ ಮೇಲೆ ಬರೀ ಕಲ್ಲು.

ವರ್ದೆ ಅತ್ತೆ ಕಸ ಗುಡಿಸುತ್ತ ಕೇಳಿದಳು:
ಇದು ಒಳಗೆ ಬರುತ್ತಿದೆಯೋ, ಹೊರಗೆ ಹೋಗುತ್ತಿದೆಯೋ?

ಆಗಲೇ ನಾನು ನೋಡಿದ್ದು.
ಮಾರಿದ ಅರ್ಧ ಎಡಕ್ಕೆ ಮುಖ ಮಾಡಿತ್ತು.
ಇದು ಬಲಕ್ಕೆ.
ಬಲಕ್ಕೆ ಎಂದರೆ, ಈ ಕಿಟಕಿಯಲ್ಲಿ,
ಕಡಲು.